ತಾಯಿಯ ಒತ್ತಡ ಅಳೆಯಲು ಯಾವ ಮಿಷನ್ನು?

ಸಂಜೆಯಾಯಿತೆಂದರೆ ಆ ಮನೆಯ ಬಚ್ಚಲಲ್ಲಿ ನಲ್ಲಿ ಬಿಟ್ಟ ಸದ್ದು. ಬಕೆಟ್ ತುಂಬುತ್ತದೆ, ಉಕ್ಕುತ್ತದೆ, ನೀರು ಮೋರಿಗೆ ಹರಿದು ಹೋಗುತ್ತದೆ. ಆದರೂ ನಲ್ಲಿ ನಿಲ್ಲುವುದಿಲ್ಲ. ಇತ್ತ ಕೋಣೆಯಲ್ಲಿ ಕೂಸು ಕಿರುಚಿ ಕಿರುಚಿ ಕೆಂಪಾಗಿರುತ್ತದೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ ಅದು. ಅಲ್ಲಿರುವವರು ಅತ್ತೆ, ಸೊಸೆ, ಮಾತು ಕಲಿತು ಎಲ್ಲದಕ್ಕೂ ಪ್ರಶ್ನೆ ಕೇಳುವ ಮೊಮ್ಮಗಳು, ಮತ್ತೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಪುಟಾಣಿ ಮೊಮ್ಮಗ. ಮಗ ಲಾರಿ ಓಡಿಸುತ್ತಾನೆ. ದೂರದ ಲೋಡು ಸಿಕ್ಕಿದರೆ ವಾರಗಟ್ಟಲೆ ಮನೆಯ ಕಡೆ ತಲೆ ಹಾಕಲು ಆಗುವುದಿಲ್ಲ.

ಅತ್ತೆಯನ್ನು ಬೀದಿಯವರೆಲ್ಲ ಕರೆಯುವುದು ಕಂಡಕ್ಟರಮ್ಮ ಎಂದೇ. ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು, ಯಾರು ಟಿಕೆಟ್ ತೆಗೆದುಕೊಳ್ಳದೆ ಕಿಟಕಿಯ ಹೊರಗೆ ನೋಡುತ್ತಿದ್ದಾರೆ ಎಂಬುದೆಲ್ಲ ಅವರ ಕಣ್ಣಿಗೆ ತಾನಾಗಿಯೇ ಬೀಳುತ್ತಿತ್ತು. ಕೆಲಸ ಬಿಟ್ಟರೂ ಆ ಕಣ್ಣು ಬಿಟ್ಟಿರಲಿಲ್ಲ. ಪಕ್ಕದ ಮನೆಗೆ ಯಾರಾದರೂ ಚೀಲ ಹಿಡಿದು ಬಂದರೆ ಚೀಲದಲ್ಲಿ ಏನಿದೆ ಎಂದು ತಿಳಿಯುವವರೆಗೆ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಅಂಥವರ ತಲೆಯೊಳಗೆ ಈ ನಲ್ಲಿಯ ಸದ್ದು ಹುಳ ಬಿಟ್ಟಿತ್ತು. ಒಂದು ಸಂಜೆ ಬಚ್ಚಲ ಬಾಗಿಲಿಗೆ ಕಿವಿಗೊಟ್ಟರು. ಚೊಂಬಿನ ಸದ್ದಿಲ್ಲ, ಬಟ್ಟೆ ಕುಕ್ಕುವ ಸದ್ದಿಲ್ಲ. ಬರೀ ನೀರು.

ಸೊಸೆ ಹೊರಗೆ ಬಂದಾಗ ಕೇಳಿಯೇಬಿಟ್ಟರು. "ಏನಮ್ಮಾ, ಅಷ್ಟು ಹೊತ್ತು ಒಳಗೆ ಏನು ಮಾಡ್ತಿದ್ದೆ?"

"ಬಟ್ಟೆ ಒಗೀತಿದ್ದೆ ಅತ್ತೆ."

"ಹೌದಾ? ಒಗೆದಿದ್ದು ಎಲ್ಲಿ? ತಂತಿ ಮೇಲೆ ಒಂದು ಕರವಸ್ತ್ರನೂ ಕಾಣಿಸ್ತಿಲ್ಲ."

ಸೊಸೆ ಒಳಗೆ ಹೋಗಿ ಕೂಸನ್ನು ಎತ್ತಿಕೊಂಡಳು. ಎತ್ತಿಕೊಂಡ ರೀತಿ ಕಂಡಕ್ಟರಮ್ಮನಿಗೆ ಸರಿ ಕಾಣಲಿಲ್ಲ. ಯಾರದೋ ಸಾಮಾನು ಕೈಗೆ ಕೊಟ್ಟಂತೆ, ಮೈಗೆ ತಗುಲದ ಹಾಗೆ ಹಿಡಿದಿದ್ದಳು. ಮೊದಲು ಹೀಗಿರಲಿಲ್ಲ ಈ ಹುಡುಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದವಳು. ಹೆರಿಗೆಗೆಂದು ಕೆಲಸ ಬಿಟ್ಟ ಮೇಲೆ ಮಾತು ಕಡಿಮೆಯಾಯಿತು. ಈಗ ಮನೆಯೊಳಗೆ ಇದ್ದೂ ಇಲ್ಲದ ಹಾಗೆ ಓಡಾಡುತ್ತಾಳೆ.

'ಎಲ್ಲ ಬಾಣಂತಿಯರೂ ಹೀಗೇ, ಸರಿಹೋಗ್ತಾಳೆ' ಎಂದುಕೊಂಡರು. ಆದರೆ ಹುಳ ಹೋಗಲಿಲ್ಲ.

ಮರುವಾರ ಆರೋಗ್ಯ ಕೇಂದ್ರದ ನರ್ಸ್ ಮನೆಗೆ ಬಂದರು. ಹೆಗಲಿಗೆ ತೂಕದ ಜೋಳಿಗೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಕೂಸನ್ನು ತೂಗಿ, ಕೈಕಾಲು ಮಡಚಿ ನೋಡಿ, ಕಣ್ಣಿನ ಮುಂದೆ ಬೆರಳಾಡಿಸಿದರು.

"ಪರವಾಗಿಲ್ಲ, ನಮ್ಮ ಪೈಲ್ವಾನ್ ಮೈ ಹಿಡೀತಿದಾನೆ" ಎಂದು ನಕ್ಕರು. ಕನ್ನಡಕ ಮೇಲಕ್ಕೆ ತಳ್ಳಿಕೊಂಡು ಸೊಸೆಯತ್ತ ತಿರುಗಿದರು. "ಮಗು ಹೇಗಿದೆ ಅಂತ ಗೊತ್ತಾಯ್ತು. ಇನ್ನು ಮಗುವಿನ ಅಮ್ಮ ಹೇಗಿದಾರೆ?"

"ಚೆನ್ನಾಗಿದೀನಿ" ಎಂದಳು ಸೊಸೆ, ನೆಲ ನೋಡುತ್ತಾ.

"ಕೇಂದ್ರಕ್ಕೆ ಒಂದು ಸಲ ಬನ್ನಿ. ಮಕ್ಕಳನ್ನ ಬೆಳೆಸೋದರಿಂದ ನಿಮಗೆ ಎಷ್ಟು ಒತ್ತಡ ಆಗ್ತಿದೆ ಅಂತ ಅಳೆದು ನೋಡೋಣ."

ಕಂಡಕ್ಟರಮ್ಮನ ಕಿವಿ ನೆಟ್ಟಗಾಯಿತು. "ಏನನ್ನ ಅಳೀತೀರಾ?"

"ಒತ್ತಡ ಅಮ್ಮ. ಟೆನ್ಷನ್ ಅಂತೀವಲ್ಲ, ಅದು."

"ಅದನ್ನೂ ಅಳೀತಾರಾ? ಯಾತರಲ್ಲಿ? ಬೀಪಿ ಥರ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹೊಡೀತೀರಾ, ಇಲ್ಲ ತಲೆಗೆ ವೈರ್ ಸಿಕ್ಕಿಸ್ತೀರಾ?"

ನರ್ಸ್ ನಗು ತಡೆದುಕೊಂಡರು. "ಬಂದು ನೋಡಿ."

"ನೋಡೋದೇನು ಸಿಸ್ಟರ್? ನಾವೂ ಹೆತ್ತಿದೀವಿ, ಸಾಕಿದೀವಿ. ಇವನಪ್ಪನ್ನ ಬೆಳೆಸೋವಾಗ ನನ್ನ ಯಾರೂ ಅಳೀಲಿಲ್ಲ. ಯಾರ ಸಹಾಯನೂ ಇಲ್ಲದೆ ಬಸ್ಸಲ್ಲಿ ದುಡೀತಾನೇ ಸಾಕಿದೆ."

"ಯಾರ ಸಹಾಯನೂ ಇರಲಿಲ್ವಾ?" ನರ್ಸಿನ ದನಿಯಲ್ಲಿ ವಾದವಿರಲಿಲ್ಲ, ತಿಳಿದುಕೊಳ್ಳುವ ಆಸೆಯಿತ್ತು. "ಹಾಗಾದ್ರೆ ನೀವು ಬಸ್ಸಲ್ಲಿರುವಾಗ ಕೂಸು ಯಾರ ಹತ್ರ ಇರ್ತಿತ್ತು?"

"ನಮ್ಮಕ್ಕನ ಹತ್ರ."

"ರಾತ್ರಿ ಪಾಳಿ ಇದ್ರೆ?"

"ಆಗಲೂ ಅಕ್ಕನೇ. ಅವಳಿಗೆ ಆಗದಿದ್ರೆ ಎದುರುಮನೆ ಟೀಚರಮ್ಮ. ಡಿಪೋದಲ್ಲಿ ನನ್ನ ಜೊತೆಯವರೂ ಎಷ್ಟೋ ಸಲ ಎತ್ತಿಕೊಂಡಿದಾರೆ, ಅವನು ಎಲ್ಲರ ಮಡಿಲಲ್ಲೂ..."

ಮಾತು ಅರ್ಧದಲ್ಲೇ ನಿಂತಿತು. ಯಾರ ಸಹಾಯವೂ ಇರಲಿಲ್ಲ ಎಂದು ಇಷ್ಟು ವರ್ಷ ಎದೆ ತಟ್ಟಿ ಹೇಳಿಕೊಂಡು ಬಂದಿದ್ದರು. ಈಗ ನೋಡಿದರೆ ಒಂದು ಬಸ್ಸು ತುಂಬುವಷ್ಟು ಜನ ಸಾಲಾಗಿ ನೆನಪಾಗುತ್ತಿದ್ದಾರೆ. ಸೊಸೆಗೆ ಯಾರಿದ್ದಾರೆ? ತವರು ದೂರ. ಗೆಳತಿಯರೆಲ್ಲ ಲಾಂಡ್ರಿಯಲ್ಲಿ. ಮನೆ ಬದಲಿಸಿ ಎಲ್ಲರೂ ಈ ಬೀದಿಗೆ ಬಂದು ಇನ್ನೂ ವರ್ಷವಾಗಿಲ್ಲ.

ನರ್ಸ್ ಹೋದ ಮೇಲೆ ಸೊಸೆ ತಾನೇ ಬಾಯಿಬಿಟ್ಟಳು. "ನಾನು ಹೋಗಲ್ಲ ಅತ್ತೆ."

"ಯಾಕೆ?"

"ಇವಳ ತಲೆ ಸರಿಯಿಲ್ಲ ಅಂತ ಬರ್ಕೋತಾರೆ. ಆಮೇಲೆ ಮಗುನ ಕಿತ್ಕೋತಾರೆ. ಲಾಂಡ್ರಿಯಲ್ಲಿ ಒಬ್ಬಳು ಹಾಗಂತ ಹೇಳ್ತಿದ್ದಳು."

ಕಂಡಕ್ಟರಮ್ಮನಿಗೂ ಒಳಗೊಳಗೇ ಆ ಅಂಜಿಕೆ ಇತ್ತು. ಸಂಜೆ ಕೆಳಗಿಳಿದು ಸೈಕಲ್ ಅಂಗಡಿಯವನ ಹತ್ತಿರ ವಿಷಯ ತೆಗೆದರು. ಅವನು ಟ್ಯೂಬನ್ನು ನೀರಿನ ಬಾಣಲಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಹುಡುಕುತ್ತಿದ್ದ.

"ಟೆನ್ಷನ್ ಅಳೀತಾರಂತಾ? ಮೊದಲು ನಂದು ಅಳೀರಿ ಅಂತ ಹೇಳಿ. ಮಿಷನ್ನೇ ಸುಟ್ಟುಹೋಗುತ್ತೆ" ಎಂದು ಅವನು ನಕ್ಕ. ನಕ್ಕವನೇ ಕೈ ಒರೆಸಿಕೊಂಡು ಮೇಲೆ ನೋಡಿದ. "ತಮಾಷೆ ಬಿಡಿ ಕಂಡಕ್ಟರಮ್ಮ. ಮಧ್ಯಾಹ್ನ ನೀವು ಹೊರಗೆ ಹೋದಾಗ ನಿಮ್ಮ ಸೊಸೆ ಮೆಟ್ಟಿಲ ಮೇಲೆ ಒಬ್ಬರೇ ಕೂತಿರ್ತಾರೆ. ಮಾತಾಡಿಸಿದ್ರೆ ಕೇಳಿಸಲ್ಲ. ಹೋಗಿ ಬನ್ನಿ ಒಂದ್ಸಲ."

ಮೆಟ್ಟಿಲ ಮೇಲೆ ಕೂತಿರುತ್ತಾಳೆಯೇ? ಇದು ತಮ್ಮ ಕಣ್ಣಿಗೆ ಬಿದ್ದಿರಲಿಲ್ಲವಲ್ಲ! ಕಂಡಕ್ಟರಮ್ಮನಿಗೆ ಅಂಜಿಕೆಗಿಂತ ಕುತೂಹಲ ದೊಡ್ಡದಾಯಿತು. ಮನೆಗೆ ಹತ್ತಿ ಬಂದವರೇ ಹೇಳಿದರು. "ನಾನೂ ಬರ್ತೀನಿ ಕಣೇ. ನಿನ್ನ ಮಗುನ ಯಾರು ಕಿತ್ಕೋತಾರೋ ನಾನು ನೋಡ್ತೀನಿ. ಹಾಗೇ ಆ ಮಿಷನ್ನೂ ನೋಡಿದ ಹಾಗಾಗುತ್ತೆ."

ಆರೋಗ್ಯ ಕೇಂದ್ರದಲ್ಲಿ ಮಿಷನ್ನು ಇರಲಿಲ್ಲ.

ಕಂಡಕ್ಟರಮ್ಮ ಬಾಗಿಲಲ್ಲೇ ನಿಂತು ಕೋಣೆಯನ್ನೆಲ್ಲ ಕಣ್ಣಲ್ಲೇ ಜಾಲಾಡಿದರು. ಒಂದು ಮೇಜು, ಎರಡು ಕುರ್ಚಿ, ಮಾಸಿದ ಹಸಿರು ಪರದೆ, ಟಿಕ್ ಟಿಕ್ ಎನ್ನುವ ಫ್ಯಾನು. ಮೇಜಿನ ಕೆಳಗೂ ಬಗ್ಗಿ ನೋಡಿದರು.

"ಎಲ್ಲಿದೆ?"

"ಏನಮ್ಮಾ?"

"ಅದೇ, ಅಳೆಯೋದು."

ನರ್ಸ್ ಒಂದು ಹಾಳೆ ಎತ್ತಿ ತೋರಿಸಿದರು. "ಇದರಲ್ಲಿ ಕೆಲವು ಮಾತುಗಳಿವೆ. 'ಅಮ್ಮನ ಜವಾಬ್ದಾರಿಯಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತೆ' ಅಂತ ಒಂದು. 'ಕಷ್ಟ ಅಂತ ಕರೆದರೆ ಬರೋರು ನನಗೆ ಇದಾರೆ' ಅಂತ ಒಂದು. ನಾನು ಓದ್ತಾ ಹೋಗ್ತೀನಿ. ಅದು ತಮ್ಮ ವಿಷಯದಲ್ಲಿ ಎಷ್ಟು ನಿಜ ಅಂತ ಅವರು ಹೇಳ್ಬೇಕು. ಪೂರ್ತಿ ನಿಜ, ಸ್ವಲ್ಪ ನಿಜ, ನಿಜ ಅಲ್ಲವೇ ಅಲ್ಲ, ಹೀಗೆ."

"ಅಷ್ಟೇನಾ? ಇದು ಪರೀಕ್ಷೆ ಇದ್ದ ಹಾಗಿದೆ. ಪಾಸಾಗೋಕೆ ಎಷ್ಟು ಬರ್ಬೇಕು?"

"ಇದರಲ್ಲಿ ಪಾಸು ಫೇಲು ಇಲ್ಲ. ತಪ್ಪು ಉತ್ತರನೂ ಇಲ್ಲ."

"ಮತ್ತೆ ನನ್ನ ಸೊಸೆಗೇ ಯಾಕೆ? ಊರಲ್ಲಿ ಬೇರೆ ತಾಯಂದಿರಿಲ್ವಾ?"

"ಯಾವ ತಾಯಿ ಬೇಕಾದ್ರೂ ಬರಬಹುದು. ಆದ್ರೆ ಕೆಲವು ಮನೆಗಳಲ್ಲಿ ಭಾರ ಜಾಸ್ತಿ ಬೀಳುತ್ತೆ. ಮಗು ಬೇಗ ಹುಟ್ಟಿರುತ್ತೆ, ಅಪ್ಪ ದೂರ ಇರ್ತಾರೆ, ಇದ್ದ ಕೆಲಸ ಹೋಗಿರುತ್ತೆ, ಮನೆಯಲ್ಲಿ ಕುಡಿತ ಜಗಳ ಇರುತ್ತೆ. ಅಂಥ ಕಡೆ ನಾವೇ ಮೊದಲು ಹೋಗಿ ಕೇಳ್ತೀವಿ. ಮನೆ ಕೆಟ್ಟದ್ದು ಅಂತಲ್ಲಮ್ಮ. ಇಳಿಜಾರಲ್ಲಿ ಬಸ್ಸು ಹೋಗುವಾಗ ಡ್ರೈವರ್ ಬ್ರೇಕ್ ಮೇಲೆ ಕಾಲಿಟ್ಟುಕೊಂಡಿರಲ್ವಾ, ಹಾಗೆ."

ಬಸ್ಸಿನ ಮಾತು ಬಂದದ್ದರಿಂದ ಕಂಡಕ್ಟರಮ್ಮ ಸ್ವಲ್ಪ ಮೆತ್ತಗಾದರು. ಕುರ್ಚಿ ಎಳೆದುಕೊಂಡು ಕೂರಲು ಹೊರಟರು.

"ನೀವು ಹೊರಗೆ ಇರ್ಬೇಕಾಗುತ್ತೆ" ಎಂದರು ನರ್ಸ್.

"ನಾನಾ? ನಾನು ಅವಳ ಅತ್ತೆ!"

"ಅದಕ್ಕೇ ಅಮ್ಮ."

ಕಂಡಕ್ಟರಮ್ಮನ ಮುಖ ದಪ್ಪಗಾಯಿತು. ಸೊಸೆ ಮಾತ್ರ ಇನ್ನೂ ಬಾಗಿಲ ಬಳಿಯೇ ನಿಂತಿದ್ದಳು. "ನಾನು ಹೇಳಿದ್ದು ಯಾರಿಗಾದ್ರೂ ಹೇಳ್ತೀರಾ?" ಎಂದು ಕೇಳಿದಳು.

"ನೀವು ಒಪ್ಪದೆ ಮನೆಯವರಿಗೂ ಹೇಳಲ್ಲ. ನಿಮಗಾಗಲಿ ಮಗುವಿಗಾಗಲಿ ಅಪಾಯ ಇದೆ ಅನಿಸಿದ್ರೆ ಮಾತ್ರ ಇನ್ನೊಬ್ಬರ ನೆರವು ಕೇಳ್ತೀನಿ. ಅದನ್ನೂ ನಿಮಗೆ ಹೇಳೇ ಮಾಡ್ತೀನಿ. ನಮ್ಮ ಕೆಲಸ ಅಮ್ಮ ಮಗುನ ಜೊತೆಯಲ್ಲಿ ಇರಿಸೋದು, ಬೇರೆ ಮಾಡೋದಲ್ಲ."

ಸೊಸೆ ಒಂದು ಕ್ಷಣ ನರ್ಸಿನ ಮುಖ ನೋಡಿದಳು. ಆಮೇಲೆ ಕೂಸನ್ನು ಅತ್ತೆಯ ಕೈಗಿಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಕಂಡಕ್ಟರಮ್ಮ ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ಏನು ಮಾತಾಡುತ್ತಿದ್ದಾರೆ? ತನ್ನ ಬಗ್ಗೆ ಏನಾದರೂ ಹೇಳುತ್ತಿದ್ದಾಳಾ? ಕತ್ತು ಉದ್ದ ಮಾಡಿದರು, ಬಾಗಿಲ ಕಡೆ ಕಿವಿಗೊಟ್ಟರು. ಆದರೆ ಕೇಳಿಸಿಕೊಳ್ಳಲು ಕೂಸು ಬಿಡಲಿಲ್ಲ. ಮೊದಲು ಕುಂಯ್ ಎಂದಿತು. ಆಮೇಲೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಕಿರುಚಿತು.

ಹೆಗಲಿಗೆ ಹಾಕಿಕೊಂಡರು, ನಿಲ್ಲಲಿಲ್ಲ. ತೊಡೆಯ ಮೇಲೆ ತೂಗಿದರು, ನಿಲ್ಲಲಿಲ್ಲ. ಎದ್ದು ಓಡಾಡಿದರು, ಬಸ್ಸಿನ ಹಾರ್ನಿನಂತೆ ಸದ್ದು ಮಾಡಿದರು, ನಾಲಿಗೆ ಲೊಚಗುಟ್ಟಿದರು. ಕುಡಿದ ಹಾಲನ್ನೆಲ್ಲ ಅವರ ಭುಜದ ಮೇಲೆ ಕಕ್ಕಿ ಕೂಸು ಇನ್ನೂ ಜೋರಾಗಿ ಅತ್ತಿತು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಕಿವಿಯೊಳಗೆ ಸೂಜಿ ಚುಚ್ಚಿದಂತಾಯಿತು. ಕೈ ಸೋತಿತು. "ಸುಮ್ಮನಿರೋ!" ಎಂದು ಗದರಿದರು.

ಆಗ ತಮ್ಮ ಬೆರಳುಗಳು ಕೂಸಿನ ತೋಳನ್ನು ಬಿಗಿಯಾಗಿ ಹಿಡಿದಿರುವುದು ಅವರಿಗೆ ಕಾಣಿಸಿತು.

ತಟ್ಟನೆ ಬೆರಳು ಸಡಿಲಿಸಿದರು. ಇಷ್ಟು ತಿಂಗಳು ಈ ಕೂಸು ಮನೆಯಲ್ಲಿದೆ. ತಾನು ಇವನನ್ನು ಇಷ್ಟು ಹೊತ್ತು ಎತ್ತಿಕೊಂಡಿರುವುದು ಇದೇ ಮೊದಲಲ್ಲವೇ? ಮೊಮ್ಮಗಳನ್ನು ಆಟವಾಡಿಸಿದ್ದಾರೆ, ಅಡುಗೆ ಮಾಡಿದ್ದಾರೆ, ಬೀದಿಯ ಸುದ್ದಿ ತಂದಿದ್ದಾರೆ. ಕೂಸು ಬಹಳ ಚಿಕ್ಕದು, ತನ್ನ ಒರಟು ಕೈಗೆ ಒಗ್ಗುವುದಿಲ್ಲ ಎಂದು ದೂರವೇ ಇದ್ದುಬಿಟ್ಟಿದ್ದರು. ಇದನ್ನು ಅವಳು ದಿನವಿಡೀ ಹೇಗೆ ತಡೆಯುತ್ತಾಳೆ?

ಬಾಗಿಲು ತೆರೆಯಿತು. ಸೊಸೆಯ ಕಣ್ಣು ಊದಿತ್ತು. ಆದರೆ ಎಷ್ಟೋ ದಿನದಿಂದ ಬಿಗಿದಿದ್ದ ಹೆಗಲು ಸಡಿಲವಾಗಿತ್ತು. "ಅತ್ತೆನೂ ಒಳಗೆ ಬರಲಿ ಸಿಸ್ಟರ್. ಅವರಿಗೂ ಗೊತ್ತಾಗಲಿ" ಎಂದಳು.

ನರ್ಸ್ ಮೊದಲು ಕೂಸನ್ನು ತೆಗೆದುಕೊಂಡು ನೆಟ್ಟಗೆ ಎದೆಗೊರಗಿಸಿ ಬೆನ್ನು ಸವರಿದರು. ಕೂಸು ಬಿಕ್ಕುತ್ತಾ ಬಿಕ್ಕುತ್ತಾ ನಿಧಾನವಾಯಿತು. ಆಮೇಲೆ ಮಾತಿಗೆ ಕೂತರು.

"ಇವರ ಒತ್ತಡ ಬಹಳ ಮೇಲಿದೆ ಅಮ್ಮ. ಒಟ್ಟು ಎಷ್ಟು ಅನ್ನೋದಕ್ಕಿಂತ ಅದು ಎಲ್ಲಿಂದ ಬರ್ತಿದೆ ಅನ್ನೋದು ಮುಖ್ಯ. ಅದಕ್ಕೇ ಇಷ್ಟೊಂದು ಪ್ರಶ್ನೆ. ಕೆಲವು ತಾಯಂದಿರಿಗೆ ತಮ್ಮ ಮೈ ಮನಸ್ಸೇ ಭಾರ ಆಗಿರುತ್ತೆ. ಕೆಲವರಿಗೆ ಮಗುವಿನ ಜೊತೆ ಹೊಂದಿಕೆನೇ ಆಗಿರಲ್ಲ. ಇನ್ನು ಕೆಲವು ಮಕ್ಕಳನ್ನ ಸಮಾಧಾನ ಮಾಡೋದೇ ಕಷ್ಟ. ಒಬ್ಬೊಬ್ಬರಿಗೆ ಒಂದೊಂದು ಥರದ ನೆರವು ಬೇಕಾಗುತ್ತೆ."

"ಇವಳಿಗೆ?" ಕಂಡಕ್ಟರಮ್ಮ ಮುಂದಕ್ಕೆ ಬಾಗಿದರು.

"ಮಗು ಮೇಲೆ ಪ್ರೀತಿ ಬೇಕಾದಷ್ಟಿದೆ. ಅಲ್ಲಿ ಏನೂ ತೊಂದರೆ ಇಲ್ಲ. ಇವನ ಅಳು ಜಾಸ್ತಿ, ಅದಕ್ಕೆ ಡಾಕ್ಟರಿಗೆ ತೋರಿಸೋಣ. ದೊಡ್ಡ ಭಾರ ಇರೋದು ಇವರ ಒಂಟಿತನದಲ್ಲಿ. ನಿದ್ದೆ ಇಲ್ಲ, ಮಗುನ ಸ್ವಲ್ಪ ಹೊತ್ತು ಎತ್ತಿಕೊಳ್ಳೋರಿಲ್ಲ, ಮನಸ್ಸು ಬಿಚ್ಚಿ ಮಾತಾಡೋರಿಲ್ಲ."

ಕಂಡಕ್ಟರಮ್ಮ ಸೊಸೆಯ ಕಡೆ ತಿರುಗಿದರು. ಬಾಯಿಗೆ ಬಂದದ್ದು ಅದೇ ಹಳೆಯ ಪ್ರಶ್ನೆ. ಆದರೆ ಈ ಸಲ ದನಿ ಬೇರೆಯಾಗಿತ್ತು. "ಬಚ್ಚಲಲ್ಲಿ ಏನು ಮಾಡ್ತಿದ್ದೆ ಮಗಳೇ?"

"ಏನೂ ಮಾಡ್ತಿರಲಿಲ್ಲ ಅತ್ತೆ. ಇವನ ಅಳು ಕೇಳಿಸಬಾರದು ಅಂತ ನಲ್ಲಿ ಬಿಟ್ಕೊಂಡು ನಿಲ್ತಿದ್ದೆ. ಒಂದಿನ ಇವನನ್ನ ಹಿಡಿದು ಜೋರಾಗಿ ಅಲ್ಲಾಡಿಸಿಬಿಡ್ತೀನೇನೋ ಅನಿಸ್ತು. ನನ್ನ ಕೈ ನೋಡಿದ್ರೆ ನನಗೇ ಭಯ ಆಯ್ತು. ಅವತ್ತಿಂದ ಹಾಗೆ ಅನಿಸಿದಾಗೆಲ್ಲ ಇವನನ್ನ ತೊಟ್ಟಿಲಲ್ಲಿ ಮಲಗಿಸಿ ಬಚ್ಚಲಿಗೆ ಓಡ್ತಿದ್ದೆ. ಯಾವ ತಾಯಿ ಹೀಗೆ ಮಾಡ್ತಾಳೆ ಅತ್ತೆ?"

ಕಂಡಕ್ಟರಮ್ಮ ತಮ್ಮ ಬೆರಳುಗಳನ್ನು ನೋಡಿಕೊಂಡರು. "ನನ್ನ ಕೈಗೂ ಈಗ ತಾನೇ ಹಾಗೇ ಆಯ್ತು ಕಣೇ. ಹೊರಗೆ ಬೆಂಚಿನ ಮೇಲೆ. ನಾನು ಇವನನ್ನ ಹಿಡಿದಿದ್ದು ಎಷ್ಟು ಹೊತ್ತು ಮಹಾ!"

ಸೊಸೆ ಅಚ್ಚರಿಯಿಂದ ಕಣ್ಣರಳಿಸಿದಳು.

"ನೀವು ಮಾಡಿದ್ದು ಸರಿ" ಎಂದರು ನರ್ಸ್ ಸೊಸೆಗೆ. "ಎಳೆ ಮಗುವನ್ನ ಯಾವತ್ತೂ ಅಲ್ಲಾಡಿಸಬಾರದು. ಮಿದುಳಿಗೆ ಪೆಟ್ಟಾಗುತ್ತೆ, ಜೀವಕ್ಕೇ ಅಪಾಯ. ತಾಳ್ಮೆ ಕೈ ಜಾರ್ತಿದೆ ಅನಿಸಿದ್ರೆ ಮಗುವನ್ನ ಸುರಕ್ಷಿತ ಜಾಗದಲ್ಲಿ ಅಂಗಾತ ಮಲಗಿಸಿ, ಸ್ವಲ್ಪ ಹೊತ್ತು ದೂರ ಹೋಗಿ ಸುಧಾರಿಸಿಕೊಳ್ಳೋದೇ ಒಳ್ಳೇದು. ಆದ್ರೆ ದಿನಾ ಹಾಗೆ ಆಗ್ತಿದ್ರೆ ನೆರವು ಬೇಕು ಅಂತ ಅರ್ಥ. ನೆರವು ಕೇಳಿದ್ರೆ ನೀವು ಕೆಟ್ಟ ತಾಯಿ ಅಂತ ಅರ್ಥ ಅಲ್ಲ."

ಮನೆಗೆ ಬಂದ ಮೇಲೆ ಕಂಡಕ್ಟರಮ್ಮ ಡಿಪೋದಲ್ಲಿ ಡ್ಯೂಟಿ ಹಾಕಿದ ಹಾಗೆ ಮನೆಗೂ ಪಾಳಿ ಹಾಕಿದರು. ಸಂಜೆಯ ಅಳುವಿನ ಹೊತ್ತು ಅವರದು. ಆಗ ಸೊಸೆ ಮಲಗಬಹುದು, ಮಗಳ ಜೊತೆ ಬೀದಿ ಸುತ್ತಿ ಬರಬಹುದು. ಏನು ಮಾಡಿದೆ ಎಂದು ಯಾರೂ ಕೇಳುವಂತಿಲ್ಲ. ಕೇಳದೆ ಇರುವುದೇ ಕಂಡಕ್ಟರಮ್ಮನಿಗೆ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು.

ಮಗನ ಫೋನು ಬಂದಾಗ ವಿಷಯ ಹೇಳಿದರು. ಅವನು ರೇಗಿದ. "ನನ್ನ ಹೆಂಡ್ತಿಗೇನು ಹುಚ್ಚು ಹಿಡಿದಿದೆಯಾ? ಅಲ್ಲಿಗೆಲ್ಲ ಯಾಕೆ ಕರ್ಕೊಂಡು ಹೋದ್ರಿ? ನಾಳೆ ನಾಲ್ಕು ಜನ ಏನಂತಾರೆ?"

"ನೀನು ಲೋಡ್ ಹತ್ತಿಸಿಕೊಂಡು ಹೊರಡುವಾಗ ಟೈರಿನ ಗಾಳಿ ನೋಡ್ತೀಯೋ ಇಲ್ವೋ?"

"ನೋಡ್ತೀನಿ."

"ಯಾಕೆ? ಲಾರಿಗೆ ಹುಚ್ಚು ಹಿಡಿದಿದೆ ಅಂತನಾ?"

ಮಗನ ದನಿ ತಗ್ಗಿತು. "ಅವಳಿಗೆ ಕೊಡಮ್ಮ" ಎಂದ. ಗಂಡ ಹೆಂಡತಿ ಏನು ಮಾತಾಡಿಕೊಂಡರೋ ಕಂಡಕ್ಟರಮ್ಮನಿಗೆ ತಿಳಿಯಲಿಲ್ಲ. ಕಿವಿ ತುರಿಸಿದರೂ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾ ನಿಂತರು. ಅವತ್ತಿನಿಂದ ಅವನು ಲಾರಿ ನಿಲ್ಲಿಸಿದಲ್ಲೆಲ್ಲ ಫೋನು ಮಾಡುತ್ತಿದ್ದ. ಮಗಳಿಗೆ ದಾರಿಯಲ್ಲಿ ಕಂಡದ್ದನ್ನೆಲ್ಲ ಕಥೆ ಮಾಡಿ ಹೇಳುತ್ತಿದ್ದ. ಹತ್ತಿರದ ಲೋಡು ಕೊಡಿ ಎಂದು ಮಾಲೀಕನನ್ನು ಕೇಳಿದ. ಅದು ಕೂಡಲೇ ಸಿಗಲಿಲ್ಲ. ಕೇಳಿದನಲ್ಲ ಎಂಬುದೇ ಸೊಸೆಗೆ ಸಮಾಧಾನ.

ಎಲ್ಲವೂ ಕೂಡಲೇ ಸರಿಹೋಯಿತು ಎಂದಲ್ಲ. ಡಾಕ್ಟರು ಹೇಳಿದ ಹಾಗೆ ಕೂಸನ್ನು ಹಾಲಾದ ಮೇಲೆ ನೆಟ್ಟಗೆ ಎತ್ತಿಕೊಂಡರೆ ಅಳು ತುಸು ತಗ್ಗಿತು, ನಿಲ್ಲಲಿಲ್ಲ. ಒಂದು ಸಂಜೆ ಕಂಡಕ್ಟರಮ್ಮ ಪಾಳಿ ಮರೆತು ಪಕ್ಕದ ಮನೆಯ ಜಗಳ ನೋಡಲು ಹೋಗಿಬಿಟ್ಟರು. ಬಂದಾಗ ಸೊಸೆ ಬಾಗಿಲಲ್ಲೇ ನಿಂತಿದ್ದಳು. "ಅತ್ತೆ, ಇದು ನಿಮ್ಮ ಡ್ಯೂಟಿ" ಎಂದಳು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಕಂಡಕ್ಟರಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹುಡುಗಿಗೆ ದನಿ ವಾಪಸು ಬರುತ್ತಿದೆ ಎನಿಸಿತು.

ಕೆಲವು ವಾರ ಕಳೆದು ಮತ್ತೆ ಕೇಂದ್ರಕ್ಕೆ ಹೋದರು. ಈ ಸಲ ಕಂಡಕ್ಟರಮ್ಮ ಹೇಳಿಸಿಕೊಳ್ಳದೆಯೇ ಕೂಸಿನ ಜೊತೆ ಹೊರಗಿನ ಬೆಂಚಿಗೆ ಹೋದರು. ನರ್ಸ್ ಒಳಗೆ ಕರೆದಾಗ ಮೊದಲು ಕೇಳಿದ್ದೇ, "ಇಳಿದಿದೆಯಾ?"

"ಇಳಿದಿದೆ. ಚೆನ್ನಾಗೇ ಇಳಿದಿದೆ" ಎಂದರು ನರ್ಸ್. "ಆದ್ರೆ ಒಂದು ಮಾತಿಗೆ ಉತ್ತರ ಮಾತ್ರ ಅವತ್ತು ಇದ್ದ ಹಾಗೇ ಇದೆ. ಹೇಳ್ಲಾ?" ಎಂದು ಸೊಸೆಯನ್ನು ನೋಡಿದರು. ಅವಳು ತಲೆಯಾಡಿಸಿದಳು. "'ನನಗೆ ಇಷ್ಟವಾದ ಕೆಲಸ ಮಾಡೋಕೆ ಆಗ್ತಿಲ್ಲ' ಅನ್ನೋದು. ಇವತ್ತೂ ಪೂರ್ತಿ ನಿಜ ಅಂದ್ರು."

ಕಂಡಕ್ಟರಮ್ಮನಿಗೆ ಆಶ್ಚರ್ಯ. "ಸಂಜೆ ಪೂರ್ತಿ ಬಿಡುವು ಕೊಟ್ಟಿದೀನಲ್ಲ! ಇನ್ನೇನು ಬೇಕು ನಿನಗೆ? ಸಿನಿಮಾಗೆ ಹೋಗ್ಬೇಕಾ? ತವರಿಗೆ?"

"ಲಾಂಡ್ರಿಗೆ ಹೋಗ್ಬೇಕು ಅತ್ತೆ."

"ಲಾಂಡ್ರಿಗಾ!"

"ಅರ್ಧ ದಿನ ಸಾಕು. ನನ್ನ ಜಾಗ ಇನ್ನೂ ಖಾಲಿ ಇದೆಯಂತೆ."

"ಅಲ್ಲ ಕಣೇ, ಆ ಹಬೆ, ಆ ಶೆಕೆ, ನಿಂತೂ ನಿಂತೂ ಕಾಲು ನೋವು ಅಂತ ನೀನೇ ಹೇಳ್ತಿದ್ದೆ. ಅಲ್ಲಿ ಏನು ಖುಷಿ ಇದೆ?"

ಸೊಸೆ ಯೋಚಿಸಿ ಹೇಳಿದಳು. "ಸುಕ್ಕು ಸುಕ್ಕಾದ ಹಾಸು ಬರುತ್ತೆ ಅತ್ತೆ. ಇಸ್ತ್ರಿ ಎಳೆದ್ರೆ ನೆಟ್ಟಗಾಗುತ್ತೆ, ಮಡಚಿ ಇಟ್ರೆ ಮುಗೀತು. ಮನೆಯಲ್ಲಿ ಯಾವ ಕೆಲಸನೂ ಮುಗಿಯಲ್ಲ. ಮತ್ತೆ ಅಲ್ಲಿ ಎಲ್ಲರೂ ನನ್ನ ಹೆಸರು ಹಿಡಿದು ಕರೀತಾರೆ. ಇಲ್ಲಿ ನಾನು ಬರೀ ಪೈಲ್ವಾನನ ಅಮ್ಮ."

ಕಂಡಕ್ಟರಮ್ಮನಿಗೆ ತಮ್ಮ ಹೆರಿಗೆಯಾದ ಮೇಲೆ ಮೊದಲ ದಿನ ಡಿಪೋದ ಗೇಟು ದಾಟಿದಾಗ ಆದ ಖುಷಿ ನೆನಪಾಯಿತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ತಾಯಿಯಾದವಳು ಹಾಗೆ ಖುಷಿಪಡಬಾರದೇನೋ ಎಂದುಕೊಂಡಿದ್ದರು.

"ಬೆಳಗಿನ ಪಾಳಿನೂ ನನ್ನ ಹೆಸರಿಗೇ ಬರ್ಕೊಳ್ಳಿ ಸಿಸ್ಟರ್" ಎಂದರು. "ಇವಳು ಇಲ್ಲದಾಗ ಇವನಿಗೆ ಹಿಂಡಿಟ್ಟ ಹಾಲು ಹೇಗೆ ಕುಡಿಸೋದು ಅಂತ ತೋರಿಸಿ. ಸರಿಯಾಗಿ ನೋಡಿ ಕಲೀತೀನಿ."

ಸೊಸೆ ಕೆಲಸಕ್ಕೆ ಹೋದ ಮೊದಲ ದಿನ ಕಂಡಕ್ಟರಮ್ಮನಿಗೆ ಸಾಕುಸಾಕಾಯಿತು. ಮೊಮ್ಮಗಳ ಪ್ರಶ್ನೆಗಳು ಒಂದು ಕಡೆ, ಮೊಮ್ಮಗನ ಅಳು ಇನ್ನೊಂದು ಕಡೆ. ನಡುವೆ ಸೈಕಲ್ ಅಂಗಡಿಯವನ ಹೆಂಡತಿಯನ್ನು ಕೂಗಿ ಕರೆದು, "ಸ್ವಲ್ಪ ಹೊತ್ತು ಇವನನ್ನ ಹಿಡ್ಕೋ ತಾಯಿ, ನಾನು ಒಂದು ಲೋಟ ಟೀ ಕುಡೀತೀನಿ" ಎಂದರು. ಕೇಳಲು ನಾಚಿಕೆಯೇನೂ ಆಗಲಿಲ್ಲ.

ಮಧ್ಯಾಹ್ನ ಸೊಸೆ ಮೆಟ್ಟಿಲು ಹತ್ತಿ ಬಂದಳು. ಮೈಯಿಂದ ಗಂಜಿಯ ವಾಸನೆ, ಕೂದಲು ಹಬೆಗೆ ಅಂಟಿಕೊಂಡಿತ್ತು. ಕೈ ತೊಳೆದು ಕೂಸನ್ನು ಎತ್ತಿ ಎದೆಗವುಚಿಕೊಂಡಳು. ಲಾಂಡ್ರಿಯಲ್ಲಿ ಯಾರೋ ದೊಡ್ಡ ಡಾಕ್ಟರ ಕೋಟನ್ನೂ ದಿಂಬಿನ ಚೀಲವನ್ನೂ ಸೇರಿಸಿ ಏನೋ ಮಾಡಿದರಂತೆ, ಅದನ್ನು ಹೇಳಲು ಹೊರಟಳು. ಅರ್ಧ ಹೇಳುವಷ್ಟರಲ್ಲಿ ನಗು ಒತ್ತರಿಸಿ ಬಂತು. ಮತ್ತೆ ಶುರು ಮಾಡಿದಳು, ಮತ್ತೆ ನಕ್ಕಳು. ಅವಳ ಎದೆ ಕುಲುಕಿದ್ದಕ್ಕೆ ಕೂಸು ಅಳುವುದನ್ನು ಮರೆತು ಅವಳ ಬಾಯನ್ನೇ ನೋಡತೊಡಗಿತು. ಕಂಡಕ್ಟರಮ್ಮನಿಗೆ ಆ ಜೋಕು ತಲೆಬುಡ ತಿಳಿಯಲಿಲ್ಲ. ತಿಳಿದುಕೊಳ್ಳಲೇಬೇಕು ಅಂತಲೂ ಅನಿಸಲಿಲ್ಲ. ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಎಳೆ ಮಗು ಇರಬಹುದು. ಬಂದವರೆಲ್ಲ ಮಗು ಹಾಲು ಕುಡೀತಿದೆಯಾ, ನಿದ್ದೆ ಮಾಡ್ತಿದೆಯಾ, ಯಾರ ಹಾಗಿದೆ ಎಂದು ಕೇಳುತ್ತಾರೆ. ಇವತ್ತು ನೀವು ಆ ಮಗುವಿನ ಅಮ್ಮನನ್ನು 'ನೀನು ಹೇಗಿದೀಯಾ?' ಎಂದು ಕೇಳಿ. ಕೇಳಿ ಸುಮ್ಮನೆ ಕೂತು ಉತ್ತರಕ್ಕೆ ಕಾಯಿರಿ. "ಚೆನ್ನಾಗಿದೀನಿ" ಎಂದು ಅವಳು ನೆಲ ನೋಡಿಕೊಂಡು ಹೇಳಿದರೆ ಇನ್ನೊಮ್ಮೆ ಕೇಳಿ.

ನೀವೇ ಆ ತಾಯಿಯಾಗಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನ ನರ್ಸ್ ಅಥವಾ ಡಾಕ್ಟರಲ್ಲಿ ಹೇಳಿಕೊಳ್ಳಿ. ಅವರು ಕೇಳುವ ಪ್ರಶ್ನೆಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಚೆನ್ನಾಗಿ ಕಾಣಲಿ ಎಂದು ಉತ್ತರ ತಿದ್ದಬೇಡಿ. ಭಾರ ಎಲ್ಲಿದೆ ಎಂದು ಗೊತ್ತಾದರೆ ತಾನೇ ಇಳಿಸಲು ಕೈ ಹಾಕುವುದು? ಮಗುವಿಗೆ ಏನಾದರೂ ಮಾಡಿಬಿಡುವ ಅಥವಾ ನೀವೇ ಏನಾದರೂ ಮಾಡಿಕೊಂಡುಬಿಡುವ ಯೋಚನೆ ಬಂದರೆ ನಾಳೆಗೆ ಇಡಬೇಡಿ. ಮಗುವನ್ನು ಸುರಕ್ಷಿತವಾಗಿ ಮಲಗಿಸಿ, ಆ ಕ್ಷಣವೇ ಯಾರನ್ನಾದರೂ ಕೂಗಿ ಕರೆಯಿರಿ, ಅಂದೇ ಆಸ್ಪತ್ರೆಗೆ ಹೋಗಿ.

ನೀವು ಅತ್ತೆಯೋ, ಗಂಡನೋ, ಕೆಳಗಿನ ಅಂಗಡಿಯವರೋ ಆಗಿದ್ದರೆ, ಎದ್ದು ಹೋಗಿ ಆ ಮಗುವನ್ನು ಸ್ವಲ್ಪ ಹೊತ್ತು ನಿಮ್ಮ ಕೈಗೆ ತೆಗೆದುಕೊಳ್ಳಿ.